ಅರಿವೆ ಅಂಗಡಿಯ ಮೇಲಿನ ಮಾಳಿಗೆ

ನಾನು ಚಿಕ್ಕವನಿದ್ದಾಗ ಹುಬ್ಬಳ್ಳಿಯ ನಮ್ಮ ಮನೆಯೊಳಗೆ ಕಾಲಿಡಬೇಕೆಂದರೆ ಅಪ್ಪನ ಅರಿವೆ ಅಂಗಡಿ ದಾಟಿಯೇ ಬರಬೇಕಿತ್ತು. ಬೀದಿಗೆ ಅಂಗಡಿ, ಹಿಂದೆ ಅಡುಗೆಮನೆ, ಅಂಗಡಿಯ ನೆತ್ತಿಯ ಮೇಲೆ ನಾವು ಮಲಗುವ ಮಾಳಿಗೆ. ಆ ಓಣಿಯ ಮನೆಗಳೆಲ್ಲ ಹಾಗೇ. ಸಾಗವಾನಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ. ಭಾರ ಹೊರುವುದೆಲ್ಲ ಕಟ್ಟಿಗೆ. ನಡುವಿನ ಮಣ್ಣಿನ ಗೋಡೆ ಬರೀ ಮರೆಗೆ. ಬೇಸಿಗೆಯಲ್ಲಿ ಹಲಗೆಗಳು ಒಣಗಿ ಸಂದು ಬಿಡುತ್ತಿದ್ದವು. ಆ ಸಂದಿನಿಂದ ಹೊಸ ಬಟ್ಟೆಯ ಗಂಜಿ ವಾಸನೆ ಮೇಲೆ ಬರುತ್ತಿತ್ತು.

ಒಂದು ಬೇಸಿಗೆ, ಮದುವೆಗಳ ಹಂಗಾಮಿನಲ್ಲೇ, ನನಗೆ ಮೈತುಂಬ ಗುಳ್ಳೆ ಎದ್ದವು. ಚಿಕನ್‌ಪಾಕ್ಸ್. ಹಾಸಿಗೆಗೆ ಬೇವಿನೆಲೆ ಹಾಸಿ ನನ್ನೊಬ್ಬನನ್ನೇ ಮಾಳಿಗೆಯಲ್ಲಿ ಮಲಗಿಸಿದರು. ಅಕ್ಕ ಏಣಿ ಹತ್ತಿ ತಟ್ಟೆ ಇಟ್ಟು, ನನ್ನ ಮುಖ ಸಹ ನೋಡದೆ ಇಳಿದುಬಿಡುತ್ತಿದ್ದಳು. ಅಪ್ಪ ಕೆಳಗಿನಿಂದ ಹೇಳಿದ್ದು ಒಂದೇ ಮಾತು: “ಸಪ್ಪಳ ಮಾಡಬ್ಯಾಡಪಾ. ಗೊತ್ತಾದ್ರ ಗಿರಾಕಿ ಬರಂಗಿಲ್ಲ.” ವರ್ಷದ ಗಳಿಕೆಯೆಲ್ಲ ಆ ಹಂಗಾಮಿನಲ್ಲೇ ಆಗಬೇಕಿತ್ತು, ಪಾಪ.

ಒಂದು ದಿನ ಮಧ್ಯಾಹ್ನ ಒಬ್ಬ ಮುದುಕಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮದುವೆ ಜವಳಿಗೆ ಬಂದಳು. ನಾನು ಸಂದಿಗೆ ಕಣ್ಣು ಹಚ್ಚಿ ಮಲಗಿದ್ದೆ. ಕೆಳಗೆ ಅಪ್ಪ ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಿದ್ದ, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ನಗುತ್ತಿದ್ದರು. ಅಷ್ಟು ಹತ್ತಿರ ಅಷ್ಟು ಜನ! ನನಗೆ ಯಾರಾದರೂ ಒಂದು ಮಾತಾಡಿಸಿದ್ದರೆ ಸಾಕಿತ್ತು. ಅಳು ಒತ್ತರಿಸಿ ಬಂತು. ಸಪ್ಪಳ ಆಗಬಾರದೆಂದು ಮಗ್ಗುಲು ಹೊರಳಿ ದಿಂಬು ಕಚ್ಚಿದೆ. ಹೊರಳಿದ ಭರಕ್ಕೆ ಹಾಸಿಗೆಯ ಬೇವಿನೆಲೆ ಸಂದಿನಿಂದ ಜಾರಿ ಹಳದಿ ಸೀರೆಯ ಮೇಲೆ ಬಿತ್ತು.

ಮೇಲಿನಿಂದ ಬೇವಿನೆಲೆ ಬಿದ್ದರೆ ಏನರ್ಥ ಅಂತ ಆ ಕಾಲದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮದುಮಗಳ ತಾಯಿ ಮಗಳ ಕೈ ಹಿಡಿದು ಹೊರಗೆ ನಡೆದೇಬಿಟ್ಟಳು. ಉಳಿದವರೂ ಎದ್ದರು. ಮುದುಕಿ ಮಾತ್ರ ಎಲೆಯನ್ನು ಪಕ್ಕಕ್ಕಿಟ್ಟು, ತಲೆ ಎತ್ತಿ ಕೇಳಿದಳು: “ಯಪ್ಪಾ, ಉಂಡಿ ಏನು?”

ನಾನು ದಿಂಬನ್ನು ಇನ್ನೂ ಗಟ್ಟಿಯಾಗಿ ಕಚ್ಚಿದೆ.

“ಹೇಳಪಾ, ಕೇಳಾಕತ್ತಾರಲ್ಲ,” ಅಂದ ಅಪ್ಪ.

“ಉಂಡೀನಿ,” ಅಂದೆ. ಅಂದದ್ದೇ ತಡ, ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಆ ವ್ಯಾಪಾರ ಹೋಯಿತು. ಸಂಜೆ ಅಪ್ಪ ಅಂಗಡಿ ಮುಚ್ಚಿ, ಗಾದಿಯ ಮೇಲೆ ಅಂಗಾತ ಮಲಗಿ, ಮಾಳಿಗೆಗೆ ಮುಖ ಮಾಡಿ ನನ್ನ ಜೊತೆ ಮಾತಾಡಿದ. ಏನೇನೋ ಮಾತು, ನನಗೆ ನಿದ್ದೆ ಹತ್ತುವವರೆಗೂ ಮಾತಾಡಿದ.

ಮೊಮ್ಮಕ್ಕಳೇ, ಅಮೆರಿಕದ ಸೆಂಟರ್‌ವಿಲ್‌ನ ನಿಮ್ಮ ಈ ಮನೆಯೂ ಕಟ್ಟಿಗೆಯ ಮೇಲೇ ನಿಂತಿದೆ. ಆದರೆ ಎಲ್ಲೂ ಒಂದು ಸಂದಿಲ್ಲ. ಗೋಡೆಯೊಳಗೆ ಹತ್ತಿಯಂಥದ್ದೇನೋ ತುರುಕಿದ್ದಾರೆ, ನೆಲಕ್ಕೆಲ್ಲ ಕಾರ್ಪೆಟ್. ನನಗೆ ಕೋವಿಡ್ ಬಂತು ಅಂತ ಬೇಸ್‌ಮೆಂಟಿಗೆ ಇಳಿದ ಮೇಲೆ ನೀವು ಮೇಲೆ ಓಡಾಡುವುದೂ ಗೊತ್ತಾಗುತ್ತಿಲ್ಲ. ನೀವು ಜಾಣರು, ಬಾಗಿಲ ಹೊರಗೆ ಊಟ ಇಟ್ಟು ‘ಅಜ್ಜ, ಫುಡ್’ ಅಂತ ಟೆಕ್ಸ್ಟ್ ಮಾಡುತ್ತೀರಿ. ನಾನೂ ಕಲಿತಿದ್ದೇನೆ, ‘ಥ್ಯಾಂಕ್ಸ್’ ಅಂತ ಟೈಪ್ ಮಾಡುತ್ತೇನೆ. ಆಮೇಲೆ ಇಡೀ ದಿನ ನನ್ನ ದನಿ ನನಗೇ ಕೇಳಿಸುವುದಿಲ್ಲ.