ಮೂರು ವರ್ಷಕ್ಕೊಮ್ಮೆ ಬೇಡ ಎನ್ನುವವನು

ಬಿಸ್ಕತ್ತು ಕಾರ್ಖಾನೆಯ ಒಲೆ ಕಾಯುವ ನೆವಿಲ್‌ನಂಥವನು ನಮ್ಮ ಯಾರ್ಕ್‌ಷೈರಿನ ಪ್ರತಿ ಕಾರ್ಖಾನೆಯಲ್ಲೂ ಒಬ್ಬನಿರುತ್ತಾನೆ. ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಚಹಾ ಬಗ್ಗಿಸಿದ ನಾನು ಬಲ್ಲೆ. ಸಂಬಳದಲ್ಲಿ ಹಣ ಹಿಡಿಯುವ ಪಿಂಚಣಿ ಯೋಜನೆ ಬೇಡವೆಂದು ಹೊರಬಂದವರನ್ನು ಮೂರು ವರ್ಷಕ್ಕೊಮ್ಮೆ ಕಂಪನಿ ಕೇಳದೆಯೇ ಮತ್ತೆ ಸೇರಿಸಬೇಕು, ಅದು ಕಾನೂನು. ಬೇಡವಾದವರು ಒಂದು ತಿಂಗಳೊಳಗೆ ತಾವೇ ಬರೆದು ಬಿಡಿಸಿಕೊಳ್ಳಬೇಕು. ಮತ್ತೆ ಸೇರಿಸಿದ್ದೇವೆಂಬ ಕಾಗದ ಬಂದ ದಿನ ನೆವಿಲ್ ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ಬರುತ್ತಿದ್ದ. "ನೋಡು ಎನಿಡ್, ಮತ್ತೆ ಹಿಡ್ಕೊಂಡ್ರು ನನ್ನ!" "ಇರ್ಲಿ ಬಿಡೋ, ಮುದುಕನಾದಾಗ ಬೇಕಾಗುತ್ತೆ." "ಯಾವ ಮುದುಕ? ನಮ್ಮನೇಲಿ ಗಂಡಸ್ರು ಮುದುಕ್ರಾಗಲ್ಲಮ್ಮ. ಅಜ್ಜ ಐವತ್ತೊಂದು, ಅಪ್ಪ ಐವತ್ತೆಂಟು. ಎಲ್ಲಾ ಎದೆನೋವು." ಹೀಗೆಂದು ನಗುತ್ತ, ನನ್ನ ಮೇಜಿನ ಮೇಲೇ ಬೇಡವೆಂದು ಬರೆದು, ಸಂಜೆಯೊಳಗೆ ಅಂಚೆಗೆ ಹಾಕುತ್ತಿದ್ದ. ಹೊಸ ಕೋಟು ಕೊಳ್ಳೆಂದರೆ "ಇದೇ ಸಾಕು ಅಲ್ಲೀವರೆಗೆ" ಎನ್ನುತ್ತಿದ್ದ. ಯಾರಾದರೂ ಸೇಬಿನ ಸಸಿ ಕೊಟ್ಟರೆ ಪಕ್ಕದ ಮನೆಗೆ ದಾಟಿಸುತ್ತಿದ್ದ. ನಾಲ್ಕನೆಯ ಸಲ ಕಾಗದ ಬಂದಾಗ ಅವನಿಗೆ ಅಪ್ಪನ ವಯಸ್ಸೂ ದಾಟಿ ಐವತ್ತೊಂಬತ್ತು ತುಂಬಿತ್ತು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗಿದ, ತಿಂಗಳು ಕಳೆಯಿತು. "ಬರೀಲಿಲ್ವೇನೋ? ಗಡುವು ಮುಗೀತಲ್ಲ!" ಎಂದೆ. ಅವನು ಚಹಾದ ಕಪ್ಪನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ ಮೆಲ್ಲಗೆ, "ಎನಿಡ್, ಎಪ್ಪತ್ತು ದಾಟಿದೋರು ಬೆಳಗ್ಗೆ ಎದ್ದು ಏನ್ಮಾಡ್ತಾರೆ?" ಎಂದು ಕೇಳಿದ. "ಮೊಣಕಾಲಿಗೆ ಬಯ್ತೀವಿ, ಹೋದ ಗಂಡನ ಫೋಟೋ ಮಾತಾಡಿಸ್ತೀವಿ, ಆಮೇಲೆ ಚಹಾಕ್ಕೆ ಇಡ್ತೀವಿ ಕಣೋ," ಎಂದೆ. ತಾನು ಹೋಗಬೇಕಾದ ಊರಿನ ದಾರಿ ಕೇಳುವವನಂತೆ, ನಗದೆ, ಅವನು ಒಂದೊಂದು ಮಾತನ್ನೂ ಕೇಳಿಸಿಕೊಂಡ.