ಪೊ ನದಿಯಲ್ಲಿ ಬಿಟ್ಟ ಮೀನು

ನಮ್ಮ ಮನೆತನದಲ್ಲಿ ಗಾಳ ಹಿಡಿದವನು ನಾನೊಬ್ಬನೇ. ಕೊಲ್ಹಾಪುರ ಸೀಮೆಯ ಕುರುಂದವಾಡದ ಜೈನ ಒಕ್ಕಲು ಮನೆ ನಮ್ಮದು. ಹೊತ್ತು ಮುಳುಗುವ ಮೊದಲು ಉಣ್ಣುವ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆ. ಅಂಥಲ್ಲಿ ಹುಟ್ಟಿ ಹೊಳೆದಂಡೆಯಲ್ಲಿ ಗಾಳ ಹಾಕಿ ಕೂಡುವವನಿಗೆ ಏನೇನು ಅನ್ನಬಹುದೋ ಅಷ್ಟನ್ನೂ ಜನ ನನಗೆ ಅಂದಿದ್ದಾರೆ. ನಾನು ಮೀನು ತಿನ್ನುವವನಲ್ಲ, ಕೊಲ್ಲುವವನೂ ಅಲ್ಲ. ಮೊನೆಯ ಮರುಮುಳ್ಳನ್ನು ಅರದಿಂದ ಉಜ್ಜಿ ತೆಗೆದ ಗಾಳ, ಹುಳದ ಬದಲು ತಗಡಿನ ಹುಸಿಮೀನು, ಸಿಕ್ಕಿದ್ದನ್ನು ಒದ್ದೆ ಕೈಯಲ್ಲೇ ಬಿಡಿಸಿ ಮರಳಿ ನೀರಿಗೆ ಬಿಡುವುದು. ನನ್ನ ಚಟ ಇಷ್ಟೇ. "ಬಿಡೂದ ಇದ್ದ ಮ್ಯಾಲ ಹಿಡಿಯೂದ್ಯಾಕೋ?" ಎಂದು ಅವ್ವ ಕೇಳುತ್ತಿದ್ದಳು.

ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ನನಗಿಂತ ತೀರ ಬೇರೆ. ಇಚಲಕರಂಜಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ದೊಡ್ಡ ಕಾರಖಾನೆ ಅವನದು. ಅದೇ ಊರಲ್ಲಿ ನನ್ನವು ಒಂದಿಷ್ಟು ವಿದ್ಯುತ್ ಮಗ್ಗಗಳು. ನಮ್ಮ ಜೈನರ ದಶಲಕ್ಷಣ ಪರ್ವ ಬಂದಾಗ ಕುರುಂದವಾಡದ ಹೊಳೆಯ ಘಾಟಿಗೆ ಹೋಗಿ, ಬೆಸ್ತರ ಬುಟ್ಟಿಯಲ್ಲಿ ಇನ್ನೂ ಜೀವ ಹಿಡಿದಿರುವ ಮೀನನ್ನೆಲ್ಲ ಕೊಂಡು ಕೃಷ್ಣೆಗೆ ಬಿಡುವುದು ನಮ್ಮ ಅಜ್ಜ ಹಾಕಿದ ಪದ್ಧತಿ. ಅಜ್ಜ ಬೆಳಿಗ್ಗೆ ಎದ್ದು ಒಬ್ಬನೇ ಹೋಗಿ ಬರುತ್ತಿದ್ದ. ಅಣ್ಣ ಫೋಟೋ ತೆಗೆಯುವವನನ್ನು ಕರೆದುಕೊಂಡು ಹೋಗುತ್ತಾನೆ. ಬೆಸ್ತರೂ ಆ ದಿನ ಬುಟ್ಟಿಗೆ ನೀರು ಸುರಿದು ಅವನ ದಾರಿ ಕಾಯುತ್ತಾರೆ, ಅವನು ಬಿಟ್ಟು ಹೋದ ಮೇಲೆ ಹೊಳೆಯ ಕೆಳಗಡೆ ಬಲೆ ಹಾಕುತ್ತಾರೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅವನ ಕಾರಖಾನೆಯ ಬಣ್ಣದ ನೀರು, ನಮ್ಮೂರ ಹತ್ತಿರ ಕೃಷ್ಣೆಗೆ ಸೇರುವ ಪಂಚಗಂಗೆಗೆ ಹೋಗುವುದೂ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಹೊಳೆ ಕಪ್ಪಾಗಿ, ನೊರೆ ಕಟ್ಟಿ, ಮೀನು ಹೊಟ್ಟೆ ಮೇಲೆ ಮಾಡಿ ನಮ್ಮೂರ ತನಕ ತೇಲಿ ಬರುತ್ತವೆ. ಆ ಮಾತು ತೆಗೆದರೆ ಅಣ್ಣ, "ಎಲ್ಲಾರೂ ಬಿಡ್ತಾರ. ನನ್ನೊಬ್ಬನ್ನ ಯಾಕ ಹಿಡೀತಿ?" ಅನ್ನುತ್ತಾನೆ.

ಹೊಸ ಮಗ್ಗ ನೋಡಲು ಇಬ್ಬರೂ ಇಟಲಿಗೆ ಹೋದೆವು. ಹೋಗುವುದು ನನಗಿತ್ತು; ಅಣ್ಣ ತಿರುಗಾಡಲು ಜೊತೆಗೆ ಬಂದ. ಕಡಕ ರೊಟ್ಟಿ, ಶೇಂಗಾ ಚಟ್ನಿ, ನೀರು ಸೋಸುವ ಬಟ್ಟೆ, ಎಲ್ಲ ಕಟ್ಟಿಕೊಂಡಿದ್ದ. ಭಾನುವಾರ ಅಲ್ಲಿ ಎಲ್ಲ ಬಂದ್. ಮಗ್ಗ ಮಾರುವ ಏಜೆಂಟನಿಗೆ ನನ್ನ ಚಟ ಗೊತ್ತಿದ್ದರಿಂದ ಪೊ ನದಿಯ ಮೇಲೆ ದೋಣಿಯವನೊಬ್ಬನನ್ನು ಗೊತ್ತು ಮಾಡಿಕೊಟ್ಟ. ಹೋಟೆಲಿನಲ್ಲಿ ಒಬ್ಬನೇ ಕೂತು ಏನು ಮಾಡಲಿ ಎಂದು ಅಣ್ಣನೂ ಹೊರಟ.

ದೋಣಿಯವ ಅರವತ್ತು ದಾಟಿದವನು, ಕೆಂಪು ಜಾಕೀಟು. ತನ್ನ ಅರ್ಧಂಬರ್ಧ ಇಂಗ್ಲಿಷನ್ನು ಒದರಿಯೇ ಮಾತಾಡುತ್ತಿದ್ದ. ಆ ಒದರುವ ಧಾಟಿ ಕೇಳಿದ ಕೂಡಲೇ ಇವನು ಮಗ್ಗದವನೆಂದು ನನಗೆ ಗೊತ್ತಾಯಿತು. ಇಚಲಕರಂಜಿಯಲ್ಲಿ ಹಳೆಯ ಕೆಲಸಗಾರರೆಲ್ಲ ಹೀಗೇ, ಮಗ್ಗದ ಸದ್ದಿಗೆ ಕಿವಿ ಹೋಗಿರುತ್ತದೆ. ಕೇಳಿದರೆ ಹೌದಂತೆ. ಹರೆಯದಿಂದ ಒಂದೇ ಮಿಲ್ಲಿನಲ್ಲಿ ನೇಯ್ದವನು. ಮಿಲ್ಲು ಮುಚ್ಚಿತು, ಅದರ ಮಗ್ಗಗಳು ಎತ್ತಲೋ ಪೂರ್ವ ದೇಶಕ್ಕೆ ಮಾರಾಟವಾದವು. "ನಿಮ್ಮ ಕಡೆಗೇ ಬಂದಿರಬೇಕು" ಎಂದು ನಕ್ಕ. ಬಂದಿರಬಹುದು, ನನ್ನ ಮೊದಲ ಮಗ್ಗಗಳು ಆ ಕಡೆಯ ಹಳೆಯ ಮಾಲೇ. ಆಮೇಲೆ ಈ ದೋಣಿಯೇ ಅವನಿಗೆ ಅನ್ನ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಇನ್ನೊಂದು ಕೆಲಸ ಕಲಿಯುವ ವಯಸ್ಸಲ್ಲ.

ದೋಣಿ ಬಿಡುವ ಮೊದಲೇ ಅವನು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಒಂದು ಮಾತು ಹೇಳಿದ. ಈ ನದಿಯಲ್ಲಿ ಬೇಟೆಗಾರ ಮೀನು ಎರಡು ಇವೆ. ಒಂದು ಲೂಚೊ, ಬಾತುಕೋಳಿಯ ಮೂತಿಯದು, ಈ ನದಿಯದೇ ಸಂತಾನ. ಅದು ಸಿಕ್ಕರೆ ಖುಷಿಯಿಂದ ಬಿಡೋಣ. ಇನ್ನೊಂದು ಸಿಲೂರೊ, ಮೀಸೆಯದು, ಹೊರಗಿನಿಂದ ತಂದು ಬಿಟ್ಟದ್ದು. ಅದು ಈ ನದಿಯ ಸಣ್ಣಪುಟ್ಟ ಜಾತಿಗಳನ್ನೆಲ್ಲ ತಿಂದು ಖಾಲಿ ಮಾಡಿದೆ. ಸಿಕ್ಕಿದ್ದು ಮರಳಿ ನೀರಿಗೆ ಹೋಗಬಾರದೆಂದು ಇಲ್ಲಿಯ ಕಾಯಿದೆ. "ನನ್ನ ದೋಣಿಯಿಂದ ಅದು ನೀರಿಗೆ ಹೋದರೆ ನನ್ನ ಪರವಾನಗಿ ಹೋಗುತ್ತದೆ. ಪರವಾನಗಿ ಹೋದರೆ ನನ್ನ ಹತ್ತಿರ ಏನೂ ಇಲ್ಲ" ಎಂದ. ನಾನು ಆಗಲಿ ಎಂದು ಮಾತು ಕೊಟ್ಟು, ಕನ್ನಡದಲ್ಲಿ ಅಣ್ಣನಿಗೆ ಬಿಡಿಸಿ ಹೇಳಿದೆ. "ತಿಳೀತ, ತಿಳೀತ" ಎಂದು ಅವನು ದೋಣಿಯ ಹಿಂಬದಿಗೆ ತನ್ನ ಫೋನನ್ನು ಕ್ಲಿಪ್ಪಿನಿಂದ ಸಿಗಿಸಿ ವಿಡಿಯೋ ಚಾಲೂ ಮಾಡಿ ಕೂತ.

ಲೂಚೊಗೆಂದೇ ಹಸಿರು ಕಸ ಬೆಳೆದ ಅಂಚಿನಗುಂಟ ತಗಡಿನ ಹುಸಿಮೀನು ಎಸೆದು ಎಳೆದೆ. ಮೊದಲು ಒಂದು ಸಿಕ್ಕಿತು. ಹಸಿರು ಮೈ, ಹಳದಿ ಚುಕ್ಕೆ, ಬಾಯಿತುಂಬ ಹಲ್ಲು. ನಮ್ಮ ಹೊಳೆಗಳಲ್ಲಿ ಇಂಥ ಮುಖವೇ ಇಲ್ಲ. ದೋಣಿಯವ ಕೈಗವಸು ಹಾಕಿ ಬಿಡಿಸಿ, ನೀರಲ್ಲಿ ಹಿಡಿದು ಆಡಿಸಿ, ಬಿಟ್ಟ. ನನಗಾದ ಸಂತೋಷ ಹೇಳತೀರದು. ಹುಡುಗಾಟಿಕೆಯ ಸಂತೋಷವೇ, ಇರಲಿ. ಆ ನಂತರ ಬಹಳ ಹೊತ್ತು ಏನೂ ಇಲ್ಲ. ಅಣ್ಣ ರೊಟ್ಟಿ ಮುರಿದು ತಿಂದು, ಆಕಳಿಸಿ, "ಇದಕ್ಕ ಇಷ್ಟು ದೂರ ಬರಬೇಕಿತ್ತೇನ?" ಎಂದು ಛೇಡಿಸಿದ.

ಆಗ ದಾರ ಭಾರವಾಯಿತು. ತಳದ ದಿಮ್ಮಿಗೆ ಸಿಕ್ಕಿತೇನೋ ಅಂದುಕೊಂಡೆ, ಆದರೆ ದಿಮ್ಮಿಯೇ ನಡೆಯತೊಡಗಿತು. ದೋಣಿಯವನ ಮುಖ ಇಳಿಯಿತು; ಅವನಿಗೆ ಎಳೆತದಲ್ಲೇ ತಿಳಿದಿತ್ತು. ರಟ್ಟೆ ಸೋತು, ಬೆನ್ನು ಬಿಗಿದು, ಕೊನೆಗೆ ಅದು ಮೇಲೆ ಬಂತು. ಪೊರೆಯಿಲ್ಲದ ಬೂದು ಮೈ, ಸಣ್ಣ ಕಣ್ಣು, ಉದ್ದ ಮೀಸೆ. ಕೃಷ್ಣೆಯ ಬಾಳೆ ಮೀನಿನ ಮುಖವೇ, ಆದರೆ ಉದ್ದದಲ್ಲಿ ನನ್ನಷ್ಟು. ನಾನೂ ದೋಣಿಯವನೂ ದವಡೆ ಹಿಡಿದು ಎಳೆದು, ಗಾಳ ಬಿಡಿಸಿ, ದೋಣಿಯ ತಗ್ಗಿದ ಅಂಚಿನ ಹತ್ತಿರ ಒದ್ದೆ ಚಾಪೆಯ ಮೇಲೆ ಮಲಗಿಸಿದೆವು. ಇದು ಸಾಯಬೇಕು, ಹಿಡಿದವನು ನಾನು. ಆದರೆ ಆ ಮನುಷ್ಯನಿಗೆ ಮಾತು ಕೊಟ್ಟಿದ್ದೆ.

ಅವನು ಬಡಿಗೆ ತರಲು ದೋಣಿಯ ಮೂತಿಯ ಕಡೆ ತಿರುಗಿದ. ಅಷ್ಟರಲ್ಲಿ ಅಣ್ಣ ಎದ್ದ. ಣಮೋಕಾರ ಮಂತ್ರ ಹೇಳುತ್ತ, ಮೀನನ್ನು ಕೈಯಿಂದ ಮುಟ್ಟಲು ಹೇಸಿಗೆಯಾಗಿ, ಬೂಟುಗಾಲಿನಿಂದ ದೂಡಿದ. ಒಂದೇ ದೂಡಿಗೆ ಅದು ಜಾರಿ ನೀರಿಗೆ ಬಿತ್ತು; ಅಣ್ಣ ಕೈಮುಗಿದು ನಿಂತ. ದೋಣಿಯವನಿಗೆ ಸದ್ದು ಕೇಳಿಸಲಿಲ್ಲ. ಬಡಿಗೆ ಹಿಡಿದು ತಿರುಗಿದರೆ ಚಾಪೆ ಖಾಲಿ.

ಅವನು ಬಡಿಗೆ ಕೆಳಗಿಟ್ಟು ಮೊದಲು ಆ ದಂಡೆ, ಆಮೇಲೆ ಈ ದಂಡೆ ನೋಡಿದ. ಯಾರೂ ಇರಲಿಲ್ಲ. "ಯಾರಿಗೂ ಹೇಳಬೇಡಿ. ಆ ಫೋನಿನಲ್ಲಿ ಇದ್ದದ್ದನ್ನು ಅಳಿಸಿಬಿಡಿ" ಎಂದ, ಈ ಸಲ ಮೆಲ್ಲಗೆ. ನಾನು ಅಣ್ಣನಿಗೆ ಹೇಳಿದೆ. "ಹೂಂ, ಅಳಸ್ತೇನಿ" ಎಂದು ಫೋನನ್ನು ಕಿಸೆಗೆ ಹಾಕಿದ.

ಅಳಿಸಲಿಲ್ಲ. ಊರಿಗೆ ಬಂದ ಮೇಲೆ ಬೂಟಿನ ಭಾಗ ಕತ್ತರಿಸಿ, ಮೀನು ನೀರಿಗೆ ಜಾರುವುದು, ತಾನು ಕೈಮುಗಿದು ನಿಂತದ್ದು, ಎರಡನ್ನೂ ಜೋಡಿಸಿ, ಹಿನ್ನೆಲೆಗೆ ಹಾರ್ಮೋನಿಯಂ ಹಾಕಿಸಿ ಎಲ್ಲ ಕಡೆ ಬಿಟ್ಟ. ಬೇಡವೆಂದು ಅವನ ಕಾರಖಾನೆಗೇ ಹೋಗಿ ಕೈ ಹಿಡಿದು ಹೇಳಿದೆ. "ನಾಕು ಮಂದಿ ನೋಡಿ ಕಲೀಲಿ ಬಿಡೋ" ಎಂದ. ಇಚಲಕರಂಜಿಯ ಚೌಕದಲ್ಲಿ ಅವನ ಫ್ಲೆಕ್ಸ್ ಎದ್ದಿತು. ಮಗ್ಗುಲಲ್ಲಿ ಮೀನಿನ ಚಿತ್ರ, ಅದೂ ಎಲ್ಲಿಂದಲೋ ತಂದ ಬೇರೆ ಮೀನು. ಕೊಲ್ಹಾಪುರದ ಸಭಾಗೃಹದಲ್ಲಿ ಸತ್ಕಾರ ಮಾಡಿದರು. ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ದೊಡ್ಡ ಪರದೆಯ ಮೇಲೆ ಆ ವಿಡಿಯೋ ತೋರಿಸಿದರು. ಮಾತಾಡಿದವರೆಲ್ಲ ಮರಾಠಿಯಲ್ಲಿ "ಜೀವದಯಾ, ಜೀವದಯಾ" ಎಂದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಪರದೆಯ ಮೇಲೆ ನನಗೆ ಕಂಡದ್ದು ಕೆಂಪು ಜಾಕೀಟಿನ ಬೆನ್ನು, ಅದರ ಪಕ್ಕದಲ್ಲಿ ದೋಣಿಯ ಹಲಗೆಗೆ ಬಿಳಿ ಬಣ್ಣದಲ್ಲಿ ಬರೆದ ನಂಬರು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ವಿಡಿಯೋ ಊರೂರು ತಿರುಗಿ ಅವನ ಊರಿಗೂ ಮುಟ್ಟಿತು. ಅಲ್ಲಿ ಗಾಳ ಹಾಕುವ ಯಾರೋ ನಂಬರು ಗುರುತಿಸಿ ಮೇಲಿನವರಿಗೆ ತೋರಿಸಿದರು. ದೋಣಿಯವ ನನಗೆ ಫೋನಿನಲ್ಲಿ ಬರೆದ: ಪರವಾನಗಿ ತಡೆಹಿಡಿದಿದ್ದಾರೆ, ವಿಚಾರಣೆ ಇದೆ. ನಿನ್ನ ಅಣ್ಣ, ಮೀನು ಬಿಟ್ಟವನು ನಾನೇ, ದೋಣಿಯವನು ಬೆನ್ನು ತಿರುಗಿಸಿದ್ದ, ಕಾಯಿದೆ ಮೊದಲೇ ಹೇಳಿದ್ದ ಎಂದು ಹೇಳಿದರೆ ಪರವಾನಗಿ ಉಳಿಯಬಹುದು. ನಾನು ಕೂಡಲೇ ನನ್ನ ಹೇಳಿಕೆ ಕಳಿಸಿದೆ. ನಿನ್ನದು ನಡೆಯುವುದಿಲ್ಲ, ವಿಡಿಯೋದಲ್ಲಿ ಇರುವವನೇ ಹೇಳಬೇಕು ಎಂದು ಮೇಲಿನವರು ಅಂದರಂತೆ.

ಅಣ್ಣ ಫೋನು ಎತ್ತಲಿಲ್ಲ. ಕೊನೆಗೆ ಗಡಹಿಂಗ್ಲಜದಲ್ಲಿ ಬೀಗರ ಮನೆಯ ವಾಸ್ತುಶಾಂತಿಯಲ್ಲಿ ಹಿಡಿದೆ. ಹೊತ್ತು ಮುಳುಗುವ ಮೊದಲಿನ ಊಟ, ಪಂಕ್ತಿಯಲ್ಲಿ ಮೊದಲ ತಾಟು ಅವನದು. ಮಗ್ಗುಲಲ್ಲಿ ಕೂತು ಎಲ್ಲ ಹೇಳಿದೆ. ಎರಡು ಮಾತು ಹೇಳು, ನಾನೇ ಕಳಿಸುತ್ತೇನೆ, ನಿನಗೆ ಏನೂ ಆಗುವುದಿಲ್ಲ ಅಂದೆ.

"ಏನಂತ ಹೇಳ್ಲಿ? ತಪ್ಪ ಮಾಡೀನಿ ಅಂತನ?"

"ತಪ್ಪ ಅನಬ್ಯಾಡ ಅಣ್ಣಾ. ನಾ ಬಿಟ್ಟೇನಿ, ಅವಂಗ ಗೊತ್ತಿರಲಿಲ್ಲ, ಇಷ್ಟ ಅನ್ನು. ಪಾಪ, ಅವನ ಹೊಟ್ಟಿ ಮ್ಯಾಲಿನ ಮಾತೈತಿ."

ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. "ಸಮಾಜದೊಳಗ ನನ್ನ ಸತ್ಕಾರ ಆಗೇತಿ. ಈಗ ನಾ ಗುನ್ಹೆಗಾರನಂಗ ಜವಾಬು ಕೊಡೂದ ಚಂದಲ್ಲ. ಮತ್ತ ಒಂದು ವಿಚಾರ ಮಾಡು, ತಮ್ಮಾ. ಅವ ದಿನಾ ಕೊಲ್ಲಾಂವ. ಅವನ ದಂಧೆ ಬಂದ್ ಆದ್ರ ಎಷ್ಟು ಜೀವ ಉಳೀತಾವ? ಅದೂ ನಂದ ಪುಣ್ಯ ಆತಲ್ಲ."

ಸುತ್ತ ಕೂತವರು ತಲೆಯಾಡಿಸಿದರು. "ಹೌದ್ರಿ, ಖರೇ ಐತಿ" ಎಂದರು ಬೀಗರು. ನಾನು ಕೈ ತೊಳೆದು ಹೊರಗೆ ಬಂದೆ. ಒಳಗೆ ಇನ್ನೊಂದು ಸಲ ಬಡಿಸುತ್ತಿದ್ದರು.

ವಿಚಾರಣೆ ಮುಗಿಯಿತು, ಪರವಾನಗಿ ಹೋಯಿತು. ದೋಣಿಯವ ಅದನ್ನು ಒಂದೇ ಸಾಲಿನಲ್ಲಿ ತಿಳಿಸಿದ. ದೋಣಿಗೆ ಗಿರಾಕಿ ಹುಡುಕುತ್ತಿದ್ದೇನೆ ಎಂದ. ನನ್ನ ಮೇಲೆ ಒಂದು ಕಟು ಮಾತಿಲ್ಲ, ಇದ್ದಿದ್ದರೆ ಹಗುರಾಗುತ್ತಿತ್ತು. ಕೆಳಗೆ ಒಂದು ಪ್ರಶ್ನೆ ಮಾತ್ರ ಇತ್ತು: "ಇದನ್ನು ಕೇಳಿ ನಿನ್ನ ಅಣ್ಣ ಏನೆಂದ?"

ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ, "ಅವನಿಗೆ ತುಂಬ ಕೆಟ್ಟದೆನಿಸಿದೆ, ನಿನ್ನ ಕ್ಷಮೆ ಕೇಳಿದ್ದಾನೆ" ಎಂದು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಸರಿ. ನನಗೆ ಅಷ್ಟು ಸಾಕು."