ಸೊಣ್ಣಮ್ಮ ಇಡದ ತಪ್ಪುಕಾಣಿಕೆ

ಯಲಹಂಕದ ಬಳಿಯ ಕೋಗಿಲು ಊರಿನ ಸೊಣ್ಣಮ್ಮ ಬಗ್ಗಿ ನಡೆಯುತ್ತಿದ್ದುದು ತನ್ನ ದ್ರಾಕ್ಷಿ ಚಪ್ಪರದ ಕೆಳಗೆ ಮಾತ್ರ. ಗಂಡ ಬದುಕಿದ್ದಾಗ ಇಬ್ಬರೂ ಸೇರಿ ಕಲ್ಲುಕಂಬ ನೆಟ್ಟು, ತಂತಿ ಎಳೆದು ಎಬ್ಬಿಸಿದ ತೋಟ ಅದು. ಅವನು ಸತ್ತು ವರ್ಷ ತುಂಬುವ ಮೊದಲೇ ಮೈದುನ ಪಿಳ್ಳಪ್ಪನ ಕಣ್ಣು ಅದರ ಮೇಲೆ ಬಿತ್ತು. ಮಕ್ಕಳಿಲ್ಲದ ಮುಂಡೆಗೆ ತೋಟವೇಕೆ, ಎರಡು ಹೊತ್ತು ಮುದ್ದೆ ಸಾಲದೇ ಎಂಬುದು ಅವನ ವಾದ. ಇಂಥ ವಾದ ಹೂಡುವವರಿಗೆ ನಮ್ಮ ಸೀಮೆಯಲ್ಲಿ ಯಾವತ್ತೂ ಬರಗಾಲ ಬಂದಿಲ್ಲ.

1958ರಲ್ಲಿ, ಕಾಯಿ ಕಪ್ಪಾಗುತ್ತಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಪಿಳ್ಳಪ್ಪ ಮಚ್ಚು ಹಿಡಿದು ಬಂದು ಬಳ್ಳಿಗಳ ಬುಡ ಕಡಿಯತೊಡಗಿದ. ಬಳ್ಳಿ ಹೋದರೆ ಅತ್ತಿಗೆ ತಾನಾಗಿ ತೌರಿಗೆ ಹೋಗುತ್ತಾಳೆಂದು ಅವನ ಎಣಿಕೆ. ಪಾತಿ ಮಾಡುತ್ತಿದ್ದ ಸೊಣ್ಣಮ್ಮ ಗುದ್ದಲಿ ಸಮೇತ ಓಡಿ ಬಂದು ಅಡ್ಡ ನಿಂತಳು. ಅವನು ಮಚ್ಚನ್ನು ಅವಳತ್ತಲೇ ಎತ್ತಿದ. ಅವಳು ಗುದ್ದಲಿಯ ಹಿಡಿಯಿಂದ ಅವನ ಬಲಗೈ ಮಣಿಕಟ್ಟಿಗೆ ಒಂದೇಟು ಬಿಟ್ಟಳು. ಮಚ್ಚು ಕೆಳಗೆ ಬಿತ್ತು. ಎರಡನೆಯ ಏಟು ಅವಳು ಹೊಡೆಯಲಿಲ್ಲ. ಹಣ್ಣು ನೋಡಲು ಬಂದಿದ್ದ ವ್ಯಾಪಾರಿ ಮಜೀದ್ ಬದುವಿನ ಮೇಲೆ ನಿಂತು ಇದನ್ನೆಲ್ಲ ಕಂಡ.

ಠಾಣೆಗೆ ಮೊದಲು ಓಡಿದವನು ಪಿಳ್ಳಪ್ಪನೇ. ತಾನು ಬಳ್ಳಿಯ ಕುಡಿ ಸವರುತ್ತಿದ್ದಾಗ ಅತ್ತಿಗೆ ಹಿಂದಿನಿಂದ ಬಂದು ಹೊಡೆದಳೆಂದು ದೂರು ಕೊಟ್ಟ. ಮೂಳೆ ಮುರಿದಿತ್ತು, ಹಾಗಾಗಿ ಅದು ಸಣ್ಣ ಪೆಟ್ಟಿನ ಕೇಸಾಗಿ ಉಳಿಯಲಿಲ್ಲ. ಸಾಬೀತಾದರೆ ಅವಳಿಗೆ ಜೈಲು, ಅವನಿಗೆ ತೋಟ.

ಊರ ಯಜಮಾನ ಮುನಿಯಣ್ಣ ಸೊಣ್ಣಮ್ಮನ ಜಗಲಿಗೆ ಬಂದು ಕೂತ. "ಮಾರಮ್ಮನ ಗುಡಿ ಮುಂದೆ ತಟ್ಟೇಲಿ ಎಲೆ ಅಡಿಕೆ, ಒಂದೂಕಾಲು ರೂಪಾಯಿ ಇಟ್ಟು ತಪ್ಪಾಯ್ತು ಅನ್ನವ್ವ. ಪಿಳ್ಳಪ್ಪ ರಾಜಿಗೆ ಒಪ್ಪವ್ನೆ. ತಪ್ಪು ಮಾಡ್ದೋರು ಕಾಣಿಕೆ ಇಡೋದು ನಮ್ಮೂರ ಕಟ್ಟು."

"ಮಾಡ್ದೋರು ಇಡ್ಲಿ ಯಜಮಾನ್ರೇ. ನಾನ್ಯಾಕ್ ಇಡ್ಲಿ? ಇವತ್ತು ತಪ್ಪಾಯ್ತು ಅನ್ನಿಸ್ತೀರ, ನಾಳೆ ತ್ವಾಟ ಬುಟ್ಟೆ ಅನ್ನಿಸ್ತೀರ."

ಹೆಂಗಸಿಗೆ ಇಷ್ಟು ಸೊಕ್ಕಿರಬಾರದು ಎಂದು ಊರು ಮಾತಾಡಿಕೊಂಡಿತು. ಮಚ್ಚೆತ್ತಿದವನ ಸೊಕ್ಕಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಅವಳ ಕೇಸು ಹಿಡಿದ ಬೆಂಗಳೂರಿನ ವಕೀಲರೂ ಸುಲಭದ ದಾರಿಯನ್ನೇ ತೋರಿಸಿದರು. "ನೀನು ಹೊಡೆಯಲೇ ಇಲ್ಲ, ಅವನೇ ಕಲ್ಲುಕಂಬಕ್ಕೆ ಎಡವಿ ಬಿದ್ದ ಅಂದ್ಬಿಡಮ್ಮ."

"ನಾನೇ ಒಡ್ದೆ ಸ್ವಾಮಿ. ಸುಳ್ಳು ಏಳಿ ಬಚಾವಾದ್ರೆ, ಒಡ್ದಿದ್ದು ತಪ್ಪು ಅಂತ ನಾನೇ ಒಪ್ಕೊಂಡಂಗಲ್ವಾ?"

ವಕೀಲರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಹೊಡೆದದ್ದೆಲ್ಲ ಅಪರಾಧ ಅಲ್ಲಮ್ಮ. ಪ್ರಾಣ, ಸ್ವತ್ತು ಉಳಿಸ್ಕೊಳ್ಳೋಕೆ ಹೊಡೆಯೋ ಹಕ್ಕನ್ನ ಕಾನೂನೇ ಕೊಟ್ಟಿದೆ. ಆದ್ರೆ ಅಪಾಯ ನಿಜವಾಗಿರಬೇಕು, ಪೊಲೀಸರನ್ನ ಕರೆಯೋಕೆ ಸಮಯ ಇರಬಾರದು, ಏಟು ಬೇಕಾದ್ದಕ್ಕಿಂತ ಹೆಚ್ಚಾಗಬಾರದು. ಹೊಡೆದೆ ಅಂತ ಒಪ್ಕೊಂಡ ಮೇಲೆ ಇದನ್ನ ತೋರಿಸೋ ಹೊಣೆ ನಮ್ಮದು. ಸೋತ್ರೆ ಜೈಲು."

"ಓಗ್ತೀನಿ," ಎಂದಳು ಸೊಣ್ಣಮ್ಮ. ಹೆದರಿಕೆ ಇರಲಿಲ್ಲವೆಂದಲ್ಲ.

ಕೋರ್ಟಿನಲ್ಲಿ ತಪ್ಪು ಒಪ್ಪುತ್ತೀಯಾ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಅವಳು ತಲೆ ಎತ್ತಿಯೇ ಹೇಳಿದಳು: "ಒಡ್ದಿದ್ದು ದಿಟ ಬುದ್ಧಿ. ತಪ್ಪು ಒಪ್ಪಕಿಲ್ಲ."

ಎದುರು ವಕೀಲರು ಪಾಟೀಸವಾಲಿಗೆ ಎದ್ದು, ಅವಳ ಪರ ಸಾಕ್ಷಿ ನುಡಿದ ಮಜೀದನನ್ನು ಹಿಂದೆಮುಂದೆ ಎಳೆದಾಡಿದರು. ಹಣ್ಣು ಅಗ್ಗಕ್ಕೆ ಸಿಗುತ್ತದೆಂದು ಸಾಕ್ಷಿಗೆ ಬಂದಿದ್ದೀಯ ಎಂದೂ ಅಂದರು. ಮಚ್ಚು ಅವಳ ತಲೆಯ ಮೇಲಿತ್ತು ಎಂಬ ಮಾತಿನಿಂದ ಅವನು ಕದಲಲಿಲ್ಲ. ಕೊನೆಗೆ ಮ್ಯಾಜಿಸ್ಟ್ರೇಟರು ಅವಳನ್ನೇ ಕೇಳಿದರು: "ಠಾಣೆಗೆ ಯಾಕೆ ಹೋಗಲಿಲ್ಲ?"

"ಠಾಣೆ ಯಲಹಂಕದಾಗೈತೆ ಬುದ್ಧಿ. ಮಚ್ಚು ನನ್ ತಲೆ ಮ್ಯಾಲಿತ್ತು."

"ಮಚ್ಚು ಬಿದ್ದ ಮೇಲೆ ಯಾಕೆ ಹೊಡೆಯಲಿಲ್ಲ? ಸಿಟ್ಟಿತ್ತಲ್ಲ?"

"ಬೇಕಾದಷ್ಟಿತ್ತು. ಆದ್ರೆ ಅವ್ನ್ ಕೈ ಬರಿದಾದ್ ಮ್ಯಾಲೆ ಒಡ್ದಿದ್ರೆ ಅದು ನನ್ ತಪ್ಪಾಗ್ತಿತ್ತು."

ಬಿಡುಗಡೆಯಾಯಿತು. ಸೊಣ್ಣಮ್ಮ ಬಸ್ಸಿಳಿದು ಮನೆಗೆ ಹೋಗಲಿಲ್ಲ. ನೇರ ಮಾರಮ್ಮನ ಗುಡಿಗೆ ಬಂದು, ಕಟ್ಟೆಯ ಮೇಲಿದ್ದ ಮುನಿಯಣ್ಣನ ಮುಂದೆ ಕೂತಳು.

"ತಟ್ಟೆ ತರ್ಸಿ ಯಜಮಾನ್ರೇ. ತಪ್ಪು ಮಾಡ್ದೋರು ಕಾಣಿಕೆ ಇಡೋದು ನಮ್ಮೂರ ಕಟ್ಟು ಅಂದಿದ್ರಿ. ಪಿಳ್ಳಪ್ಪನ್ನ ಕರೀರಿ. ಅವ್ನು ಬರೋಗಂಟ ನಾನ್ ಏಳಕಿಲ್ಲ."

ಮುನಿಯಣ್ಣ ಹೊತ್ತಾಯಿತೆಂದ, ನಾಳೆ ನೋಡೋಣವೆಂದ. ಅವಳು ಅಲುಗಲಿಲ್ಲ. ಜನ ಸೇರತೊಡಗಿತು. ಅಷ್ಟು ಜನರೆದುರು ತನ್ನ ಮಾತನ್ನೇ ನುಂಗಲಾಗದೆ ಯಜಮಾನ ಕೊನೆಗೆ ಹೇಳಿಕಳಿಸಿದ.

ಪಿಳ್ಳಪ್ಪ ಬಂದ. ಸೊಟ್ಟಗೆ ಕೂಡಿಕೊಂಡಿದ್ದ ಬಲಗೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು, ಎಡಗೈಯಲ್ಲಿ ಕಾಸು ಹಿಡಿದು ತಟ್ಟೆಗೆ ಬಗ್ಗಿದ.

"ಎಡಗೈಲಿ ಬ್ಯಾಡ," ಎಂದಳು ಸೊಣ್ಣಮ್ಮ. "ಮಚ್ಚು ಎತ್ತಿದ ಕೈಯಲ್ಲೇ ಇಡು."